ಕೂಗಳತೆಯಲ್ಲೇ ಇದೆ, ಕೂಗಿ ನೋಡಿ

ಪೊಲೀಸ್ ಠಾಣೆಯ ಕೂಗಳತೆ ದೂರದಲ್ಲೇ ಸರಗಳ್ಳತನ. ತಾಲ್ಲೂಕು ಕಚೇರಿಯ ಕೂಗಳತೆ ದೂರದಲ್ಲೇ ಕೆರೆ ಒತ್ತುವರಿ. ನಮ್ಮ ಪತ್ರಿಕೆಗಳನ್ನು ಓದಿದರೆ ಈ ರಾಜ್ಯದಲ್ಲಿ ಆಗಬಾರದ್ದೆಲ್ಲ ಆಗುವುದು ಕೂಗಳತೆಯಲ್ಲೇ. ಕಳ್ಳರಿಗೆ ಅದಕ್ಕಿಂತ ದೂರ ಹೋಗೋಕೆ ಬೇಜಾರು ಅಂತ ಕಾಣುತ್ತೆ.

ಕೂಗಿದರೆ ಕೇಳಿಸುವಷ್ಟು ದೂರವೇ ಕೂಗಳತೆ. ಇದು ವರದಿಗಾರರು ಹುಟ್ಟಿಸಿದ ಅಳತೆ ಅಲ್ಲ. ಸಂಸ್ಕೃತದ ‘ಕ್ರೋಶ’ದ್ದೂ ಇದೇ ಲೆಕ್ಕ. ಅದಕ್ಕೆ ಕೂಗು ಅಂತಲೂ ಅರ್ಥ, ಕೂಗು ಮುಟ್ಟುವ ದೂರ ಅಂತಲೂ ಅರ್ಥ. ಸುಮಾರು ಎರಡು ಮೈಲಿ ಅಂತಾರೆ. ಎರಡು ಮೈಲಿಗೆ ಕೇಳಿಸುತ್ತಿತ್ತು ಅಂದರೆ ಆಗಿನವರ ಗಂಟಲಿಗೆ ಶರಣು. ಅಥವಾ ಆಗಿನ ಅಧಿಕಾರಿಗಳ ಕಿವಿಗೆ. ಉತ್ತರದವರ ‘ಕೋಸ್’ ಹುಟ್ಟಿದ್ದು ಇದರಿಂದಲೇ. ಮೊಗಲರು ಹೆದ್ದಾರಿಯಲ್ಲಿ ಕೋಸಿಗೊಂದು ಮಿನಾರ್ ಕಟ್ಟಿಸಿದ್ದರು. ಆಕ್ರೋಶವೂ ಅದೇ ಮನೆತನದ್ದು. ಹಾಗಾಗಿ ‘ಸಾರ್ವಜನಿಕರ ಆಕ್ರೋಶ’ ಅನ್ನೋ ತಲೆಬರಹ ಕಂಡಾಗ, ಎಷ್ಟು ಮೈಲಿಯದು ಅಂತ ಕೇಳುವುದರಲ್ಲಿ ತಪ್ಪಿಲ್ಲ.

‘ಕೂಗು’ ಮಾತ್ರ ನಮ್ಮ ಕಡೆಯದೇ. ತಮಿಳರಲ್ಲಿ ಕೂವು, ತೆಲುಗರಲ್ಲಿ ಕೂಯು. ‘ಕೂ’ ಅನ್ನೋ ಸದ್ದನ್ನೇ ಹಿಡಿದು ಮಾಡಿದಂತಿದೆ. ಕೋಳಿ ಕೂಗಿದರೆ ಬೆಳಗಾಯಿತು. ಕುಕ್ಕರ್ ಮೂರು ಸಲ ಕೂಗಿದರೆ ಬೇಳೆ ಬೆಂದಿತು. ಜನ ಕೂಗಿದರೆ? ಅದಕ್ಕೂ ಒಂದು ಅರ್ಥ ಕೊಟ್ಟಿದ್ದೇವೆ, ಬೇಡಿಕೆ ಅಂತ. ಹೊಸ ತಾಲ್ಲೂಕಿನ ಕೂಗು, ಪ್ರತ್ಯೇಕ ರಾಜ್ಯದ ಕೂಗು. ಕುಕ್ಕರಿನ ಕೂಗಿಗಾದರೆ ಯಾರಾದರೂ ಎದ್ದು ಬಂದು ಒಲೆ ಆರಿಸುತ್ತಾರೆ.

1958ರಲ್ಲಿ ದೇಶಕ್ಕೆ ಮೆಟ್ರಿಕ್ ಅಳತೆ ಬಂತು. ಸೇರು, ಮಣ, ಮೈಲಿ ಎಲ್ಲ ಮೂಲೆ ಸೇರಿದವು. ಕೂಗಳತೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ತರಕಾರಿಯವನ ತಕ್ಕಡಿಗೆ ಮುದ್ರೆ ಹಾಕುತ್ತಾರೆ, ಇದಕ್ಕೆ ಹಾಕಿಲ್ಲ. ಬನ್ನಿ, ನಾವೇ ಅಳೆಯೋಣ. ಗಂಟಲು ಹರಿಯುವಂತೆ ಕೂಗಿದರೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಅಂತಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. 32 ಮೀಟರಿಗೆ ಹೋಗುವಷ್ಟರಲ್ಲಿ 55. 64 ಮೀಟರಿಗೆ 49, ಅಷ್ಟರಲ್ಲಿ ಒಂದು ಆಟೋ ಅಡ್ಡ ಬಂದರೆ ಅದೂ ಹೋಯಿತು. ಪೇಟೆಯ ಕೂಗಳತೆ ಅಂದರೆ ನಾಲ್ಕೈದು ಬಸ್ಸು ಸಾಲಾಗಿ ನಿಂತಷ್ಟು, ಅಷ್ಟೇ.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿ ಪ್ರತಿಭಟನೆಯವರು ಕೂಗೋಕೆ ಅಂತಲೇ ಜಾಗ ಗೊತ್ತು ಮಾಡಿದ್ದಾರೆ, ಫ್ರೀಡಂ ಪಾರ್ಕ್. ಮುಂಚೆ ಸೆಂಟ್ರಲ್ ಜೈಲಿದ್ದ ಜಾಗ. ಜನರನ್ನು ಒಳಗೆ ಕೂರಿಸುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ನೇರ ಗೆರೆ ಎಳೆದರೆ ಅಲ್ಲಿಂದ ವಿಧಾನಸೌಧ ಸುಮಾರು ಒಂದು ಕಿಲೋಮೀಟರ್. ಮಧ್ಯೆ ಮರ, ಕಟ್ಟಡ, ಸಿಗ್ನಲ್ ಏನೂ ಇಲ್ಲ ಅಂದುಕೊಂಡರೂ ಒಬ್ಬ ರೈತನ 85 ಡೆಸಿಬಲ್ ಆ ಮೆಟ್ಟಿಲು ಮುಟ್ಟುವಾಗ 25 ಆಗಿರುತ್ತದೆ. ಪಿಸುಮಾತಿಗಿಂತ ಕಮ್ಮಿ. ಸರ್ಕಾರಕ್ಕೆ ಕೇಳಿಸಲಿಲ್ಲ ಅಂತ ಸುಮ್ನೆ ಬೈಯಬಾರದು ನೋಡಿ, ಭೌತಶಾಸ್ತ್ರ ಅವರ ಪರವಾಗಿದೆ.

ಸಾವಿರ ಜನ ಒಟ್ಟಿಗೆ ಕೂಗಿದರೆ? 30 ಡೆಸಿಬಲ್ ಸೇರುತ್ತದೆ. ಒಟ್ಟು 55. ಶಬ್ದಮಾಲಿನ್ಯದ 2000ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿಯೂ 55 ಡೆಸಿಬಲ್ಲೇ. ಅಂದರೆ ಸಾವಿರ ಜನರ ಸಿಟ್ಟು ಕಾನೂನಿಗೆ ಎಳ್ಳಷ್ಟೂ ಧಕ್ಕೆಯಾಗದಂತೆ, ಯಾರ ನಿದ್ದೆಯನ್ನೂ ಕೆಡಿಸದೆ ಬಂದು ತಲುಪುತ್ತದೆ. ಜಾಗ ಆರಿಸಿದವರು ಲೆಕ್ಕ ಹಾಕಿ ಆರಿಸಿದರೋ, ಅದೃಷ್ಟವೋ.

ಕೂಗಿಗೆ ಓಗೊಡದೆ ಇರುವುದು ನಮಗೆ ಹೊಸದೇನಲ್ಲ ಬಿಡಿ. ಹಳ್ಳಿಗಳಲ್ಲಿ ಕೂಗುಮಾರಿ ಅಂತೊಬ್ಬಳಿದ್ದಳು. ರಾತ್ರಿ ಬಾಗಿಲಲ್ಲಿ ನಿಂತು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುವಳಂತೆ. ಓಗೊಟ್ಟರೆ ಕತೆ ಮುಗಿಯಿತು. ಅದಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ಪಾಪ, ಓದಿಕೊಂಡು ವಾಪಸ್ ಹೋಗುವಳು. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ಈ ಉಪಾಯವನ್ನು ಮನೆ ಬಾಗಿಲಿಂದ ಕಚೇರಿ ಕೌಂಟರಿಗೆ ತಂದ ಪುಣ್ಯಾತ್ಮ ಯಾರೋ, ಒಂದು ತಿದ್ದುಪಡಿಯನ್ನಂತೂ ಮಾಡಿದ್ದಾನೆ. ಮಾರಿಗೆ ‘ನಾಳೆ ಬಾ’ ಅಂತ ಏಕವಚನ ಇತ್ತು. ನಮಗೆ ‘ಸಾಹೇಬರು ಮೀಟಿಂಗಲ್ಲಿದ್ದಾರೆ, ಸೋಮವಾರ ಬನ್ನಿ’.