ಗ್ಲೌಸ್ ತೊಟ್ಟವನಿಗೆ ಪಟ್ಟ ಕಟ್ಟದ ದೇಶ

1981ರ ಫೆಬ್ರುವರಿ 1, ಮೆಲ್ಬರ್ನ್. ಉಳಿದಿರುವುದು ಒಂದೇ ಬಾಲ್, ನ್ಯೂಜಿಲೆಂಡ್‌ಗೆ ಪಂದ್ಯ ಟೈ ಆಗಬೇಕಾದರೂ ಸಿಕ್ಸರೇ ಬೇಕು. ಆಸ್ಟ್ರೇಲಿಯಾದ ಕ್ಯಾಪ್ಟನ್ ಗ್ರೆಗ್ ಚಾಪೆಲ್ ಸ್ವಂತ ತಮ್ಮ ಟ್ರೆವರ್ ಹತ್ತಿರ ಬಂದು, ನೆಲದ ಮೇಲೆ ಉರುಳಿಸಿಬಿಡು ಎಂದ. ತಮ್ಮ ಉರುಳಿಸಿದ. ಸಿಟ್ಟಿನಲ್ಲಿ ಬ್ಯಾಟ್ ಎಸೆದ ಮೆಕ್‌ಕೆಕ್ನಿ ಎಲ್ಲರಿಗೂ ನೆನಪಿದ್ದಾನೆ. ಆದರೆ ಆ ವಿಡಿಯೊದಲ್ಲಿ ನನ್ನ ಕಣ್ಣು ಹೋಗುವುದು ಸ್ಟಂಪ್ ಹಿಂದಿದ್ದ ರಾಡ್ ಮಾರ್ಷ್ ಕಡೆಗೆ. ತಲೆ ಅಡ್ಡಡ್ಡ ಆಡಿಸುತ್ತಿದ್ದಾನೆ. ಬೇಡ ಮಾರಾಯ, ಹೀಗೆ ಮಾಡಬೇಡ ಅನ್ನುವ ಹಾಗೆ.

ಆವತ್ತು ಕ್ಯಾಪ್ಟನ್‌ಗೆ ಕಾಣದ್ದು ಕೀಪರ್‌ಗೆ ಕಂಡಿತ್ತು. ಆಸ್ಟ್ರೇಲಿಯಾ ಕ್ರಿಕೆಟ್ ಚರಿತ್ರೆಯನ್ನು ಇಷ್ಟೇ ಚಿತ್ರದಲ್ಲಿ ಹೇಳಿ ಮುಗಿಸಬಹುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಮನೆ ನಡೆಸುವವನು ದೊಡ್ಡಣ್ಣ, ಪಹಣಿ ಮಾತ್ರ ತಮ್ಮನ ಹೆಸರಲ್ಲಿ! ತಂಡದ ಗುಣ, ಗತ್ತು, ಬಾಯಿ ಎಲ್ಲವನ್ನೂ ರೂಪಿಸಿದ್ದು ವಿಕೆಟ್ ಹಿಂದಿನವರು. ಆದರೆ ಅವರಿಗೆ ಟಾಸ್ ನಾಣ್ಯ ಸಿಕ್ಕಿದ್ದು ಯಾರಿಗೋ ಬೆರಳು ಮುರಿದಾಗ, ಇಲ್ಲವೇ ತಂಡದ ಮಾನ ಹೋದಾಗ.

ಮೊದಲೇನೂ ಹೀಗಿರಲಿಲ್ಲ. 1877ರಲ್ಲಿ ಮೊಟ್ಟಮೊದಲ ಟೆಸ್ಟ್ ಆಡುವಾಗ ದೊಡ್ಡ ಜಗಳ ನಡೆದದ್ದೇ ಕೀಪರ್ ವಿಷಯಕ್ಕೆ. ನನ್ನ ಬೌಲಿಂಗ್‌ಗೆ ಬಿಲ್ಲಿ ಮರ್ಡಾಕ್ ಕೀಪ್ ಮಾಡದಿದ್ದರೆ ನಾನು ಆಡುವುದೇ ಇಲ್ಲ ಎಂದು ಫಾಸ್ಟ್ ಬೌಲರ್ ಸ್ಪೊಫರ್ತ್ ಹೊರಗುಳಿದ. ಗ್ಲೌಸ್ ಸಿಕ್ಕಿದ್ದು ಜ್ಯಾಕ್ ಬ್ಲ್ಯಾಕ್‌ಹ್ಯಾಮ್‌ಗೆ. ಗಡ್ಡದ ಈ ಮನುಷ್ಯ ತೆಳ್ಳಗಿನ ಗ್ಲೌಸ್ ಹಾಕಿಕೊಂಡು ವೇಗದ ಬೌಲಿಂಗ್‌ಗೂ ಸ್ಟಂಪ್ ಪಕ್ಕದಲ್ಲೇ ನಿಲ್ಲುತ್ತಿದ್ದ, ಮುಂದೆ 8 ಟೆಸ್ಟ್‌ಗಳಲ್ಲಿ ನಾಯಕನೂ ಆದ. ಅವನ ಕೊನೆಯ ಟೆಸ್ಟ್ 1894ರ ಡಿಸೆಂಬರ್‌ನಲ್ಲಿ, ಸಿಡ್ನಿಯಲ್ಲಿ. ಆಸ್ಟ್ರೇಲಿಯಾ 586 ಹೊಡೆದು ಇಂಗ್ಲೆಂಡ್‌ಗೆ ಫಾಲೋಆನ್ ಕೊಟ್ಟಿತು (ತೀರಾ ಹಿಂದೆ ಬಿದ್ದ ತಂಡವನ್ನು ಕೂಡಲೇ ಮತ್ತೆ ಬ್ಯಾಟ್ ಮಾಡಿಸುವುದು), ರಾತ್ರಿ ಮಳೆ ಬಂತು, ಆಸ್ಟ್ರೇಲಿಯಾವೇ 10 ರನ್‌ನಿಂದ ಸೋತಿತು. ಬ್ಲ್ಯಾಕ್‌ಹ್ಯಾಮ್ ಹೆಬ್ಬೆರಳು ಹರಿದುಕೊಂಡು ಹೋದವನು ಮತ್ತೆ ಟೆಸ್ಟ್ ಆಡಲಿಲ್ಲ. ಆಮೇಲೆ ಒಬ್ಬ ಕೀಪರ್ ಆಸ್ಟ್ರೇಲಿಯಾದ ಪೂರ್ಣಾವಧಿ ಟೆಸ್ಟ್ ನಾಯಕನಾಗಲು 2018 ಬರಬೇಕಾಯಿತು. ನಡುವೆ 1968ರ ಲೀಡ್ಸ್ ಟೆಸ್ಟ್‌ನಲ್ಲಿ ನಾಯಕ ಬಿಲ್ ಲಾರಿ ಗಾಯಗೊಂಡಿದ್ದಕ್ಕೆ ಬ್ಯಾರಿ ಜಾರ್ಮನ್ ಒಂದೇ ಒಂದು ಪಂದ್ಯ ನಡೆಸಿದ್ದುಂಟು. ಅದೂ ಬದಲಿಯೇ.

ಮತ್ತೆ ಮಾರ್ಷ್ ಹತ್ತಿರ ಬರುತ್ತೇನೆ, ಅವನನ್ನು ಅಷ್ಟು ಬೇಗ ಬಿಡಲು ಮನಸ್ಸಿಲ್ಲ. 1970ರಲ್ಲಿ ಬಂದಾಗ ಕ್ಯಾಚ್ ಬಿಡುತ್ತಾನೆಂದು 'ಐರನ್ ಗ್ಲೌಸ್' ಅಂತ ಪತ್ರಿಕೆಗಳು ಆಡಿಕೊಂಡಿದ್ದವು. ಹೋಗುವಾಗ 96 ಟೆಸ್ಟ್, 355 ಬಲಿ. ಗೆಳೆಯ ಡೆನ್ನಿಸ್ ಲಿಲ್ಲಿಯ ವಿಕೆಟ್ಟೂ ಸರಿಯಾಗಿ 355. ಇಬ್ಬರೂ ಒಂದೇ ಟೆಸ್ಟ್‌ನಲ್ಲಿ ನಿವೃತ್ತಿ. ಸ್ಕೋರ್‌ಕಾರ್ಡ್‌ನಲ್ಲಿ 'ಕ್ಯಾಚ್ ಮಾರ್ಷ್, ಬೌಲ್ಡ್ ಲಿಲ್ಲಿ' ಎಂದು 95 ಸಲ ಬಂದಿದೆ. ಇದೆಲ್ಲ ಅಂಕಿಅಂಶ. ನನಗೆ ಇಷ್ಟವಾಗುವುದು 1977ರ ಶತಮಾನೋತ್ಸವ ಟೆಸ್ಟ್‌ನ ಒಂದು ಗಳಿಗೆ. ಡೆರೆಕ್ ರ‍್ಯಾಂಡಲ್ 161ರಲ್ಲಿದ್ದಾಗ ಕೀಪರ್ ಕ್ಯಾಚ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು. ಇಲ್ಲ, ನೆಲಕ್ಕೆ ತಗುಲಿತು ಎಂದು ಮಾರ್ಷ್ ಹೇಳಿ ಅವನನ್ನು ವಾಪಸ್ ಕರೆಸಿದ. ಇಂಗ್ಲೆಂಡ್ ದೊಡ್ಡ ಮೊತ್ತ ಬೆನ್ನಟ್ಟುತ್ತಿತ್ತು, ಪಂದ್ಯ ಕೈಜಾರುವ ಹಾಗಿತ್ತು. ಕೊನೆಗೆ ಆಸ್ಟ್ರೇಲಿಯಾ 45 ರನ್‌ನಿಂದ ಗೆದ್ದಿತು ಬಿಡಿ. ಗೆಲ್ಲುವುದು ಗ್ಯಾರಂಟಿ ಇಲ್ಲದಾಗ ಹಾಗೆ ಹೇಳಿದ್ದಕ್ಕೆ ಬೆಲೆ.

ಇಂಥವನಿಗೆ ನಾಯಕತ್ವ ಯಾಕೆ ಸಿಗಲಿಲ್ಲ? ಬೋರ್ಡಿಗೆ ಎದುರಾಗಿ ಕೆರಿ ಪ್ಯಾಕರ್ ಕಟ್ಟಿದ ಕ್ರಿಕೆಟ್ ಸರ್ಕಸ್‌ಗೆ ಹೋದವರ ಮೇಲೆ ಬೋರ್ಡಿಗೆ ಸಿಟ್ಟಿತ್ತು ಎನ್ನುತ್ತಾರೆ. ಚಾಪೆಲ್ ಪ್ರವಾಸಕ್ಕೆ ಬರದಾಗಲೆಲ್ಲ ಪಟ್ಟ ಹೋದದ್ದು ಕಿಮ್ ಹ್ಯೂಸ್‌ಗೆ. ಹ್ಯೂಸ್ ಕೂಡ ಮಾರ್ಷ್‌ನ ವೆಸ್ಟರ್ನ್ ಆಸ್ಟ್ರೇಲಿಯಾದವನೇ, ಚೆಂದದ ಬ್ಯಾಟ್ಸ್‌ಮನ್, ಬೋರ್ಡಿಗೆ ಬೇಕಾದ ಹುಡುಗ. ಮಾರ್ಷೇ ನಾಯಕನಾಗಬೇಕು ಎನ್ನುವುದನ್ನು ಲಿಲ್ಲಿ ಯಾವತ್ತೂ ಮುಚ್ಚಿಟ್ಟವನಲ್ಲ. ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಒಲೆ ಉರಿಯತೊಡಗಿದವು. 1981ರ ಹೆಡಿಂಗ್ಲಿಯಲ್ಲಿ, ಬೋಥಮ್ ಪಂದ್ಯ ತಿರುಗಿಸುವ ಮೊದಲು, ಇಂಗ್ಲೆಂಡ್ ಗೆಲುವಿಗೆ ಬುಕ್ಕಿಗಳು 500ಕ್ಕೆ 1 ದರ ಕೊಟ್ಟಾಗ ಲಿಲ್ಲಿ 10 ಪೌಂಡ್, ಮಾರ್ಷ್ 5 ಪೌಂಡ್ ಕಟ್ಟಿ ಗೆದ್ದ ಕಥೆ ಗೊತ್ತಲ್ಲ? ಅವರು ಪಂದ್ಯ ಬಿಟ್ಟುಕೊಟ್ಟರು ಎಂದು ಯಾರೂ ಗಂಭೀರವಾಗಿ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ನಾಯಕನ ಮೇಲೆ ಗೌರವವಿದ್ದ ತಂಡದಲ್ಲಿ ಹಿರಿಯರು ಎದುರಾಳಿ ಮೇಲೆ ದುಡ್ಡು ಕಟ್ಟುತ್ತಿರಲಿಲ್ಲ. 1984ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಹ್ಯೂಸ್ ರಾಜೀನಾಮೆ ಓದುತ್ತಾ ಅಳು ತಡೆಯಲಾಗದೆ ಎದ್ದುಹೋದ. ಅಷ್ಟರಲ್ಲಿ ಮಾರ್ಷ್, ಲಿಲ್ಲಿ ಇಬ್ಬರೂ ಆಟ ಬಿಟ್ಟು ತಿಂಗಳುಗಳಾಗಿದ್ದವು. ಹ್ಯೂಸ್‌ಗೆ ಆದದ್ದು ಅನ್ಯಾಯ, ಅದರಲ್ಲಿ ಮಾರ್ಷ್ ಪಾಲೂ ಇದೆ. ಆದರೆ 1981ರಲ್ಲೇ ಮಾರ್ಷ್‌ಗೆ ಕೊಟ್ಟಿದ್ದರೆ ಇಬ್ಬರೂ ಉಳಿಯುತ್ತಿದ್ದರು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ತಮಾಷೆಯೆಂದರೆ, ಪಟ್ಟ ಸಿಗದ ಮಾರ್ಷ್ 1990ರ ದಶಕದಲ್ಲಿ ಅಡಿಲೇಡ್‌ನ ಕ್ರಿಕೆಟ್ ಅಕಾಡೆಮಿ ನಡೆಸಿದ. ಅಲ್ಲಿ ತಯಾರಾದವರಲ್ಲಿ ಪಾಂಟಿಂಗ್ ಇದ್ದ, ಗಿಲ್‌ಕ್ರಿಸ್ಟ್ ಇದ್ದ. ಗೆದ್ದಾಗ ಡ್ರೆಸ್ಸಿಂಗ್ ರೂಮಿನಲ್ಲಿ ಆಸ್ಟ್ರೇಲಿಯನ್ನರು ಕಿರುಚಿ ಹಾಡುವ ಹಾಡಿದೆಯಲ್ಲ, ಅದನ್ನು ಶುರು ಮಾಡಿದವನೂ ಅವನೇ. ಹಾಡಿಸುವ ಹಕ್ಕು ಬಾರ್ಡರ್, ಬೂನ್, ಆಮೇಲೆ ಇಯಾನ್ ಹೀಲಿ, ಪಾಂಟಿಂಗ್, ಲ್ಯಾಂಗರ್, ಹಸ್ಸಿ, ಲಯನ್ ಎಂದು ಕೈಬದಲಾಗುತ್ತಾ 2025ರಲ್ಲಿ ಅಲೆಕ್ಸ್ ಕ್ಯಾರಿಗೆ ಬಂದಿದೆ. ಲೆಕ್ಕ ಹಾಕಿ, ಮೂವರು ಕೀಪರ್‌ಗಳು. ಹಾಡಿಸುವುದಕ್ಕೆ ಕೀಪರ್ ಬೇಕು!

ಹೀಲಿಯದು ಇನ್ನೊಂದು ಬಗೆ. ಬೆರಳೆಣಿಕೆಯ ಪ್ರಥಮ ದರ್ಜೆ ಪಂದ್ಯ ಆಡಿದ್ದ ಹುಡುಗನನ್ನು 1988ರಲ್ಲಿ ಪಾಕಿಸ್ತಾನಕ್ಕೆ ಕರೆದೊಯ್ದರು. 119 ಟೆಸ್ಟ್, 395 ಬಲಿ. ಸ್ಪಿನ್ನರ್ ಶೇನ್ ವಾರ್ನ್ ಯಾವ ಬಾಲ್ ಎಲ್ಲಿ ತಿರುಗಿಸುತ್ತಾನೆ ಎಂದು ಜಗತ್ತಿನಲ್ಲಿ ಮೊದಲು ಓದಿದವನು ಇವನೇ. ಸ್ಟಂಪ್ ಮೈಕಿನಲ್ಲಿ 'ಬೌಲ್ಡ್ ವಾರ್ನಿ' ಎಂಬ ಕೂಗು ಕೇಳಿ ಬೆಳೆದವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಾರ್ಕ್ ಟೇಲರ್‌ಗೆ ಉಪನಾಯಕನಾಗಿದ್ದ. 1996ರಲ್ಲಿ ಟೇಲರ್ ಬೆನ್ನುನೋವಿನಿಂದ ಉಳಿದುಕೊಂಡಾಗ ಶ್ರೀಲಂಕಾದಲ್ಲಿ ಏಕದಿನ ತಂಡವನ್ನೂ ನಡೆಸಿದ. ಮರುವರ್ಷ ಆ ಉಪನಾಯಕ ಪಟ್ಟ ಕಿತ್ತು ಸ್ಟೀವ್ ವಾಗೆ ಕೊಟ್ಟರು. ಮುಂದಿನ ನಾಯಕ ಬ್ಯಾಟ್ಸ್‌ಮನ್ನೇ ಆಗಬೇಕೆಂದು ಆಯ್ಕೆಗಾರರ ತಲೆಯಲ್ಲಿ ಕೂತಿದ್ದರೆ ಯಾರೇನು ಮಾಡಲಾಗುತ್ತದೆ? ನಮ್ಮ ಕಿರ್ಮಾನಿಗೂ 88 ಟೆಸ್ಟ್ ಆಡಿ ಟೆಸ್ಟ್ ನಾಯಕತ್ವ ಒಲಿಯಲಿಲ್ಲ, ಆದರೆ ನಾವು ಧೋನಿಯ ಕೈಗೆ 60 ಟೆಸ್ಟ್ ಕೊಟ್ಟು ಆ ಬಾಕಿ ತೀರಿಸಿದೆವು. ಅವರು ಇನ್ನೂ ತೀರಿಸಿಲ್ಲ.

ಈಗ ನಮ್ಮೂರಿನ ವಿಷಯ. 2004ರ ಅಕ್ಟೋಬರ್, ಚಿನ್ನಸ್ವಾಮಿ ಸ್ಟೇಡಿಯಂ. ಪಾಂಟಿಂಗ್ ಹೆಬ್ಬೆರಳು ಮುರಿದುಕೊಂಡಿದ್ದ, ನಾಯಕ ಆಡಂ ಗಿಲ್‌ಕ್ರಿಸ್ಟ್. ಮೂರು ವರ್ಷದ ಹಿಂದೆ ಕೋಲ್ಕತ್ತದಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಮೊದಲ ಬಾಲಿಗೇ ಸೊನ್ನೆಗೆ ಔಟಾಗಿದ್ದವನು. ಅದೇ ಟೆಸ್ಟ್‌ನಲ್ಲಿ ಸ್ಟೀವ್ ವಾ ಫಾಲೋಆನ್ ಕೊಟ್ಟು, ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಇಡೀ ದಿನ ಬ್ಯಾಟ್ ಮಾಡಿ ಪಂದ್ಯವನ್ನೇ ತಿರುಗಿಸಿದ್ದನ್ನು ಸ್ಟಂಪ್ ಹಿಂದಿನಿಂದ ನೋಡಿದ್ದವನು. ಅದೊಂದು ದಿನ ಆಸ್ಟ್ರೇಲಿಯಾ ತಂಡದಲ್ಲಿ ಯಾರಿಗಾದರೂ ಪಾಠ ಹೇಳಿದ್ದರೆ ಅದು ಕೀಪರ್‌ಗೆ. ಬೆಂಗಳೂರಿನಲ್ಲಿ ಕ್ಲಾರ್ಕ್ ಪದಾರ್ಪಣೆಯಲ್ಲೇ 151, ಗಿಲ್‌ಕ್ರಿಸ್ಟ್ 104, ಒಟ್ಟು 474. ಭಾರತ 246ಕ್ಕೆ ಆಲೌಟ್. 228ರ ಮುನ್ನಡೆ, ಫಾಲೋಆನ್ ಕೊಡುತ್ತಾರೆ ಅಂತ ಗ್ಯಾಲರಿ ತುಂಬಾ ಮಾತು. ಗಿಲ್‌ಕ್ರಿಸ್ಟ್ ಕೊಡಲಿಲ್ಲ, ಮತ್ತೆ ಬ್ಯಾಟ್ ಮಾಡಿದ. 217 ರನ್‌ನಿಂದ ಗೆದ್ದ. ಸ್ಟಂಪ್ ನೇರಕ್ಕೆ ಬೌಲಿಂಗ್, ಬೌಂಡರಿಯಲ್ಲಿ ಮೊದಲೇ ಕಾವಲು, ರನ್ ಕೊಡದೆ ಕಾಯುವುದು. ಅಬ್ಬರದ ಗಿಲ್‌ಕ್ರಿಸ್ಟ್ ನಾಯಕನಾಗಿ ಇಷ್ಟು ಜಿಪುಣನಾಗುತ್ತಾನೆಂದು ಯಾರೂ ಎಣಿಸಿರಲಿಲ್ಲ.

ಚೆನ್ನೈನಲ್ಲಿ ಮಳೆ ಬಂದು ಡ್ರಾ. ನಾಗಪುರದ ಹಸಿರು ಪಿಚ್‌ನಲ್ಲಿ ಗಂಗೂಲಿ ಆಡಲಿಲ್ಲ, ದ್ರಾವಿಡ್ ನಾಯಕ. ಅಲ್ಲೂ ಭಾರತ 185ಕ್ಕೆ ಕುಸಿದಾಗ ಫಾಲೋಆನ್ ಇಲ್ಲ, 342 ರನ್‌ನ ಗೆಲುವು. ಭಾರತದಲ್ಲಿ 35 ವರ್ಷದ ನಂತರ ಸರಣಿ. ಸ್ಟೀವ್ ವಾ 'ಕೊನೆಯ ಕೋಟೆ' ಎಂದು ಕರೆದು ಸೋತ ಜಾಗದಲ್ಲಿ ಗೆದ್ದವನು ಒಬ್ಬ ಬದಲಿ ಕ್ಯಾಪ್ಟನ್! ಪಾಂಟಿಂಗ್ ವಾಪಸ್ ಬಂದು ಮುಂಬೈ ಟೆಸ್ಟ್ ಸೋತ. ಆಸ್ಟ್ರೇಲಿಯಾದ ಶ್ರೇಷ್ಠ ನಾಯಕರ ಪಟ್ಟಿ ಮಾಡುವಾಗ ಗಿಲ್‌ಕ್ರಿಸ್ಟ್ ಹೆಸರು ಬಾರದಿದ್ದರೆ ಆ ಪಟ್ಟಿಯನ್ನು ನಾನು ಅಲ್ಲೇ ಮಡಚಿಡುತ್ತೇನೆ. (ಆರ್‌ಸಿಬಿ ಅಭಿಮಾನಿಗಳ ಹುಣ್ಣಿಗೆ ಉಪ್ಪು: 2009ರ ಐಪಿಎಲ್ ಫೈನಲ್‌ನಲ್ಲಿ ಕುಂಬ್ಳೆ ತಂಡವನ್ನು 6 ರನ್‌ನಿಂದ ಸೋಲಿಸಿದ ಡೆಕ್ಕನ್ ಚಾರ್ಜರ್ಸ್‌ನ ನಾಯಕನೂ ಇವನೇ. ಸೊನ್ನೆಗೆ ಔಟಾಗಿಯೂ ಕಪ್ ಎತ್ತಿದ.) ಅವನ ಮೇಲೆ ಆಕ್ಷೇಪ ಇಲ್ಲವೆಂದಲ್ಲ. 2001ರ ಹೆಡಿಂಗ್ಲಿಯಲ್ಲಿ ಇದೇ ಗಿಲ್‌ಕ್ರಿಸ್ಟ್ ಬದಲಿ ನಾಯಕನಾಗಿ ಧಾರಾಳವಾಗಿ ಡಿಕ್ಲೇರ್ ಮಾಡಿ, ಇಂಗ್ಲೆಂಡ್‌ನ ಮಾರ್ಕ್ ಬುಚರ್ 173 ಹೊಡೆದು ಪಂದ್ಯ ಕಿತ್ತುಕೊಂಡಿದ್ದ. ಬೆಂಗಳೂರಿನ ಜಿಪುಣತನ ಹುಟ್ಟಿದ್ದು ಅಲ್ಲೂ ಇರಬಹುದು.

ಮುಂದೆ ಟಿಮ್ ಪೇನ್. 2010ರಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಜೊತೆಗೇ ಪದಾರ್ಪಣೆ, ಆಮೇಲೆ ಬೆರಳು ಮುರಿದು ಏಳು ವರ್ಷ ವನವಾಸ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್‌ನಲ್ಲಿ ಬಾಲ್ ಉಜ್ಜಲು ತಂದ ಸ್ಯಾಂಡ್‌ಪೇಪರ್ ಸಿಕ್ಕಿಬಿದ್ದು, ಟೆಸ್ಟ್ ನಡುವೆಯೇ ನಾಯಕ ಸ್ಮಿತ್ ಇಳಿದಾಗ ಇವನ ಕೈಗೆ ತಂಡ ಬಂತು. ಆ ಪಂದ್ಯ 322 ರನ್‌ನಿಂದ, ಮುಂದಿನದು 492 ರನ್‌ನಿಂದ ಸೋಲು. ಜೋಹಾನ್ಸ್‌ಬರ್ಗ್‌ನಲ್ಲಿ ಮುರಿದ ಹೆಬ್ಬೆರಳಲ್ಲೇ 62 ಹೊಡೆದ, ಆಟಕ್ಕೆ ಮುಂಚೆ ಎದುರಾಳಿಗಳ ಕೈಕುಲುಕುವ ಪದ್ಧತಿ ತಂದ. ಒಟ್ಟು 23 ಟೆಸ್ಟ್‌ಗೆ ನಾಯಕ. 2019ರಲ್ಲಿ ಇಂಗ್ಲೆಂಡ್ ನೆಲದಲ್ಲಿ ಆ್ಯಷಸ್ ಉಳಿಸಿಕೊಂಡದ್ದು ಸಣ್ಣ ಮಾತಲ್ಲ.

ಆದರೆ ಕೀಪರ್-ನಾಯಕನ ಬೆತ್ತಲೆ ಸ್ಥಿತಿ ಕಂಡದ್ದೂ ಅವನಲ್ಲೇ. ಅಂಪೈರ್ ತೀರ್ಪನ್ನು ಟಿವಿ ಮರುಪರಿಶೀಲನೆಗೆ ಕೇಳುವ ಡಿಆರ್‌ಎಸ್ ಬಂದ ಮೇಲೆ, ಕೇಳಲು ಸಿಗುವ 15 ಸೆಕೆಂಡ್‌ನಲ್ಲಿ ಎಲ್ಲರೂ ತಿರುಗಿ ನೋಡುವುದು ಕೀಪರ್ ಮುಖವನ್ನು. ಎಲ್‌ಬಿಡಬ್ಲ್ಯೂ ಗೆರೆ ಅವನಷ್ಟು ಚೆನ್ನಾಗಿ ಇನ್ಯಾರಿಗೂ ಕಾಣುವುದಿಲ್ಲ. ಅವನೇ ನಾಯಕನೂ ಆದರೆ ತಪ್ಪು ಹೊರಿಸಲು ಇನ್ನೊಬ್ಬನಿಲ್ಲ. 2019ರ ಹೆಡಿಂಗ್ಲಿಯಲ್ಲಿ ಪೇನ್ ಕೊನೆಯ ರಿವ್ಯೂ ಸುಟ್ಟುಬಿಟ್ಟ, ಲಯನ್ ಬಾಲಿಗೆ ಸ್ಟೋಕ್ಸ್ ನಿಜವಾಗಿ ಔಟಾಗಿದ್ದಾಗ ಕೈಯಲ್ಲಿ ರಿವ್ಯೂ ಇರಲಿಲ್ಲ. 2021ರ ಸಿಡ್ನಿಯಲ್ಲಿ ಅಶ್ವಿನ್‌ಗೆ 'ಗಾಬಾಗೆ ಬಾ, ನೋಡ್ಕೋತೀವಿ' ಅನ್ನುವ ಧಾಟಿಯಲ್ಲಿ (ಗಾಬಾ ಅಂದರೆ ಮುಂದಿನ ಟೆಸ್ಟ್ ಇದ್ದ ಬ್ರಿಸ್ಬೇನ್ ಮೈದಾನ) ಬಾಯಿ ಬಿಟ್ಟು, ಆಮೇಲೆ ಕ್ಯಾಚನ್ನೂ ಬಿಟ್ಟ. ಮರುದಿನವೇ ಕ್ಷಮೆ ಕೇಳಿದ, ಅದು ಅವನ ದೊಡ್ಡತನ. ಗಾಬಾದಲ್ಲಿ ಏನಾಯಿತೆಂದು ಪಂತ್ ಅಭಿಮಾನಿಗಳಿಗೆ ಹೇಳಬೇಕೆ? ಅದೇ ವರ್ಷದ ನವೆಂಬರ್‌ನಲ್ಲಿ 2017ರ ಅಸಭ್ಯ ಮೆಸೇಜುಗಳು ಹೊರಬಂದು ರಾಜೀನಾಮೆ ಕೊಟ್ಟ. ತಂಡದ ನಡತೆ ಸರಿಮಾಡಲು ಕೂರಿಸಿದವನು ನಡತೆಯ ವಿಷಯಕ್ಕೇ ಇಳಿದ. ಅದಕ್ಕೆ ಕೀಪಿಂಗ್ ಕಾರಣವಲ್ಲ ಅಂತ ಮಾತ್ರ ನಾನು ಹೇಳಬಲ್ಲೆ.

ವಿಚಿತ್ರವೆಂದರೆ, ಒಂದು ತಿಂಗಳೊಳಗೆ ಹೊಸ ನಾಯಕ ಕಮಿನ್ಸ್ ಒಂದು ಟೆಸ್ಟ್ ತಪ್ಪಿಸಿಕೊಂಡಾಗ ಟಾಸ್‌ಗೆ ಬಂದವನು ಯಾರು? ಸ್ಮಿತ್! ಸ್ಯಾಂಡ್‌ಪೇಪರ್ ಕಾಲದ ಕ್ಯಾಪ್ಟನ್‌ಗೆ ಎರಡನೇ ಅವಕಾಶ ಉಂಟು, ಕೀಪರ್‌ಗೆ ಮೊದಲನೆಯದೇ ಕಷ್ಟ. ಕ್ಯಾರಿ 2021ರಲ್ಲಿ ಫಿಂಚ್ ಗಾಯಗೊಂಡಾಗ ವೆಸ್ಟ್ ಇಂಡೀಸ್‌ನಲ್ಲಿ ಏಕದಿನ ಸರಣಿ ಗೆಲ್ಲಿಸಿ ಬಂದ, ಮುಗಿಯಿತು. 2024ರಲ್ಲಿ ಕಮಿನ್ಸ್ ಮತ್ತಿತರರು ವಿಶ್ರಾಂತಿಗೆ ಹೋದಾಗ ಪಾಕಿಸ್ತಾನದೆದುರು ಜೋಶ್ ಇಂಗ್ಲಿಸ್‌ಗೆ ಕೊಟ್ಟರು, ಅದೂ ಮುಗಿಯಿತು. ಮತ್ತದೇ ಬದಲಿ ಬಾಗಿಲು.

ಮಹಿಳಾ ತಂಡದವರೇ ವಾಸಿ. 2023ರ ಕೊನೆಗೆ ನಾಯಕಿ ಮೆಗ್ ಲ್ಯಾನಿಂಗ್ ನಿವೃತ್ತಿಯಾದ ಮೇಲೆ ಇಯಾನ್ ಹೀಲಿಯ ಸೋದರನ ಮನೆ ಹುಡುಗಿ, ಕೀಪರ್ ಅಲಿಸ್ಸಾಗೆ ಪೂರ್ಣಾವಧಿ ನಾಯಕತ್ವ ಕೊಟ್ಟರು, ಇಯಾನ್‌ಗೆ ಸಿಗದ್ದು. 2025ರ ವಿಶ್ವಕಪ್‌ನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಮೇಲೆ 331 ಬೆನ್ನಟ್ಟುವಾಗ 142 ಹೊಡೆದಳು. ಸೆಮಿಫೈನಲ್‌ನಲ್ಲಿ ನಮ್ಮ ಜೆಮಿಮಾ 82ರಲ್ಲಿದ್ದಾಗ ಕ್ಯಾಚ್ ಬಿಟ್ಟಳು, ಜೆಮಿಮಾ 127 ಹೊಡೆದು ಮ್ಯಾಚ್ ಮುಗಿಸಿದಳು. ನಾಯಕತ್ವದ ಭಾರಕ್ಕೆ ಕೈ ಜಾರಿತು ಎನ್ನುವವರು ಆ 142ನ್ನೂ ಅದೇ ಭಾರದ ಲೆಕ್ಕಕ್ಕೆ ಬರೆಯಲಿ.

ಪುರುಷರ ತಂಡದಲ್ಲಿ ಕಮಿನ್ಸ್ ಬೆನ್ನು ಮತ್ತೆ ಕೈಕೊಟ್ಟರೆ ಬ್ಲೇಜರ್ ಹಾಕಿಕೊಂಡು ಹೊರಡುವವನು ಸ್ಮಿತ್ತೋ ಹೆಡ್ಡೋ ಇರುತ್ತಾನೆ. ಕ್ಯಾರಿಗೆ ಟೆಸ್ಟ್ ನಾಯಕತ್ವ ಸಿಗುತ್ತದೆ ಅಂತ ಯಾರಾದರೂ ಬೆಟ್ ಕಟ್ಟುವುದಿದ್ದರೆ ವಿಚಾರಿಸಿ ನೋಡಿ, ಲಿಲ್ಲಿ-ಮಾರ್ಷ್‌ಗೆ ಸಿಕ್ಕ 500ಕ್ಕೆ 1ರ ದರವೇ ಸಿಕ್ಕೀತು.