ಅರ್ಧ ಅಂಗುಲದ ಆಕಾಶಯಾನ

ಅಡಿಗೆ ಗಾಳಿ ಊದಿಕೊಂಡು, ಆ ಗಾಳಿಯ ಮೇಲೆ ತೇಲುತ್ತ ನೆಲ ನೀರು ಎರಡರ ಮೇಲೂ ಸಾಗುವ ವಾಹನಕ್ಕೆ ಹೋವರ್‌ಕ್ರಾಫ್ಟ್ ಎಂದು ಹೆಸರು. ಅದನ್ನು ಕಟ್ಟಲು ಬೇಕಾದ ಸಾಮಾನೆಲ್ಲ ಒಂದು ಕಾಫಿ ತೋಟದಲ್ಲಿ ತಯಾರಾಗಿ ಬಿದ್ದಿರುತ್ತದೆ. ಒಣಹಾಕಿದ ಕಾಫಿಗೆ ರಾತ್ರಿ ಹೊದಿಸುವ ಟಾರ್ಪಾಲು, ದಾರಿಯ ತರಗೆಲೆ ಊದಿ ಹಾಕುವ ಪೆಟ್ರೋಲ್ ಬ್ಲೋಯರ್, ಯಾವುದೋ ಮದುವೆಯ ಚಪ್ಪರದಿಂದ ಉಳಿದು ಗೋದಾಮು ಸೇರಿದ ಪ್ಲೈವುಡ್, ಓಡಿಸಿ ನೋಡುವುದಕ್ಕೆ ಸಿಮೆಂಟಿನ ವಿಶಾಲ ಕಣ. ಸುಲಭಕ್ಕೆ ಸಿಗದಿರುವುದು ಮನೆಯ ಯಜಮಾನನ ಅಪ್ಪಣೆ ಒಂದೇ.

ಮೂಡಿಗೆರೆ ಕಡೆ ಇರುವ ನಮ್ಮ ಭಾವನ ತೋಟದಲ್ಲಿ ಆ ಅಪ್ಪಣೆಯೂ ಸಿಕ್ಕಿತು. ಕೊಡಿಸಿದ್ದು ಒಂದು ಕಾಫಿ ಡಬ್ಬಿ. ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಪ್ರಾಜೆಕ್ಟುಗಳನ್ನು ದುಡ್ಡು ಕೊಟ್ಟು ತಯಾರಾಗಿಯೇ ತರುವ ಈ ಕಾಲದಲ್ಲಿ, ಸ್ವಂತ ಕೈಯಲ್ಲೇ ಮಾಡುತ್ತೇನೆ ಎಂದು ಹಠ ಹಿಡಿದಿದ್ದ. ಊಟದ ಹೊತ್ತಿನಲ್ಲಿ ಅಪ್ಪನಿಗೆ ಕ್ರಿಸ್ಟೋಫರ್ ಕಾಕರೆಲ್ ಎಂಬ ಇಂಗ್ಲಿಷ್ ಇಂಜಿನಿಯರನ ಕಥೆ ಹೇಳಿದ. ಆತ 1955ರಲ್ಲಿ ಬೆಕ್ಕಿನ ಆಹಾರದ ಸಣ್ಣ ಡಬ್ಬಿಯೊಂದನ್ನು ಕಾಫಿ ಡಬ್ಬಿಯೊಳಗೆ ಕೂರಿಸಿ, ಎರಡರ ನಡುವಿನ ಸಂದಿಯಲ್ಲಿ ಗಾಳಿ ಊದಿ, ಅದು ಎಷ್ಟು ಒತ್ತುತ್ತದೆ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ಅಳೆದನಂತೆ. ಹೋವರ್‌ಕ್ರಾಫ್ಟ್ ಹುಟ್ಟಿದ್ದು ಅಲ್ಲಿ.

ಭಾವ ತುತ್ತನ್ನು ಕೈಯಲ್ಲೇ ಹಿಡಿದು, "ಯಾವ ಕಾಫಿ?" ಎಂದು ಕೇಳಿದರು.

"ಅದು ಗೊತ್ತಿಲ್ಲ ಅಪ್ಪ."

"ಚಿಕೋರಿ ಬೆರೆಸಿದ್ದೋ, ಅಪ್ಪಟವೋ?"

"ಅಪ್ಪಟವೇ ಇರಬೇಕು."

"ಹಾಗಾದರೆ ಮಾಡು."

ಕಾಕರೆಲ್ ತನ್ನ ಯಂತ್ರವನ್ನು ಸರ್ಕಾರದ ಮುಂದಿಟ್ಟಾಗ ನೌಕಾಪಡೆಯವರು ಇದು ವಿಮಾನ ಎಂದರಂತೆ, ವಾಯುಪಡೆಯವರು ಇದು ದೋಣಿ ಎಂದರಂತೆ, ಭೂಸೇನೆಯವರು ನಮಗಂತೂ ಬೇಡವೇ ಬೇಡ ಎಂದರಂತೆ. ನಮ್ಮ ಹುಡುಗನ ಕಾಲೇಜಿನಲ್ಲೂ ಅದೇ ಪಾಡು. ಒಬ್ಬ ಪ್ರಾಧ್ಯಾಪಕರು ಇದು ನನ್ನ ವಿಭಾಗಕ್ಕೆ ಸೇರಿದ್ದಲ್ಲ ಎಂದು ಪಕ್ಕದ ಕೋಣೆಗೆ ಕಳುಹಿಸಿದರು, ಪಕ್ಕದ ಕೋಣೆಯವರು ವಾಪಸು ಕಳುಹಿಸಿದರು. ಕೊನೆಗೆ ಸಹಿ ಹಾಕಿದವರು ಹಾಕಿದ್ದು ಒಂದೇ ಷರತ್ತು: ಪ್ರದರ್ಶನದ ದಿನ ಅದರ ಮೇಲೆ ಮನುಷ್ಯನೊಬ್ಬ ಕುಳಿತಿರಬೇಕು. ಆ ಮನುಷ್ಯ ಯಾರು ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಏಪ್ರಿಲ್ ರಜೆಗೆಂದು ನಾನು ಬೆಂಗಳೂರಿನಿಂದ ಬಸ್ಸು ಹತ್ತಿದ್ದು ಇಷ್ಟೆಲ್ಲ ಆದ ಮೇಲೆ.

ಹಲಗೆಯನ್ನು ಗುಂಡಗೆ ಕೊಯ್ದು ಕೊಟ್ಟವರು ಊರಿನ ಬಡಗಿ ಆಚಾರರು. ನಾಲ್ಕು ಅಡಿ ವ್ಯಾಸ, 12 ಮಿಲಿಮೀಟರ್ ದಪ್ಪ. ಅಂಚನ್ನು ಉಜ್ಜಿ ನಯ ಮಾಡಿ, ಒಂದು ಕೈ ವಾರ್ನಿಷ್ ಕೂಡ ಹೊಡೆದು, "ಕಾಲು ಯಾವಾಗ ಹಚ್ಚೋಣ?" ಎಂದರು. ಇದಕ್ಕೆ ಕಾಲಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ಕಾಲಿಲ್ಲದ ಮೇಜನ್ನು ಮನೆ ದಾಟಿಸಿದ ಕೆಟ್ಟ ಹೆಸರು ಅವರಿಗೆ ಬೇಕಿರಲಿಲ್ಲ. ಮರುದಿನ ಅವರನ್ನೇ ಕರೆಸಿ, ಹೊಚ್ಚ ಹೊಸ ಪ್ಲಾಸ್ಟಿಕ್ ಕುರ್ಚಿಯೊಂದರ ನಾಲ್ಕೂ ಕಾಲನ್ನು ಕತ್ತರಿಸಿ ಕೊಡಿ ಎಂದಾಗಲಂತೂ ಅವರು ಭಾವನನ್ನು ಪಕ್ಕಕ್ಕೆ ಕರೆದು, ಹುಡುಗನಿಗೆ ಪರೀಕ್ಷೆಯ ಒತ್ತಡ ಜಾಸ್ತಿಯಾಗಿದೆಯೇ ಎಂದು ವಿಚಾರಿಸಿದರು.

ಯಂತ್ರದ ಒಳಗುಟ್ಟು ಇಷ್ಟೇ. ಹಲಗೆಯ ಅಡಿಗೆ ಟಾರ್ಪಾಲನ್ನು ಸಡಿಲವಾಗಿ ಹೊದಿಸಿ, ಅಂಚಿಗೆ ಪಿನ್ನು ಹೊಡೆದು, ನಟ್ಟನಡುವೆ ಉಪ್ಪಿನಕಾಯಿ ಡಬ್ಬಿಯ ಅಗಲ ಮುಚ್ಚಳವಿಟ್ಟು ಬೋಲ್ಟು ಬಿಗಿಯಬೇಕು. ಮೇಲಿನಿಂದ ಬ್ಲೋಯರ್ ಊದಿದರೆ ಟಾರ್ಪಾಲು ಬಳೆಯಾಕಾರದಲ್ಲಿ ಉಬ್ಬುತ್ತದೆ. ಮುಚ್ಚಳದ ಸುತ್ತ ಕೊರೆದ ತೂತುಗಳಿಂದ ಗಾಳಿ ಕೆಳಗಿಳಿದು, ಅಂಚಿನ ಅಡಿಯಿಂದ ನುಸುಳಿ ಹೊರಗೆ ಹೋಗುತ್ತದೆ. ನುಸುಳುವ ಆ ತೆಳು ಗಾಳಿಯ ಮೇಲೆ ಇಡೀ ಸಂಸಾರ ತೇಲಬೇಕು. ತೂತು ಚಿಕ್ಕದಾದರೆ ಟಾರ್ಪಾಲು ಬಿಗಿದುಕೊಂಡು ಹಲಗೆ ಅದರ ಮೇಲೆ ಹೊಯ್ದಾಡುತ್ತದೆ. ದೊಡ್ಡದಾದರೆ ಉಬ್ಬುವುದೇ ಇಲ್ಲ. ಅಳಿಯ ಎರಡನ್ನೂ ಶ್ರದ್ಧೆಯಿಂದ ಮಾಡಿ ನೋಡಿದ. ಟಾರ್ಪಾಲನ್ನು ಬಿಗಿಯಾಗಿ ಎಳೆದು ಕಟ್ಟಿಯೂ ನೋಡಿದ, ಆಗ ಅದು ಏಳುವ ಮಾತೇ ಆಡಲಿಲ್ಲ. ಒಂದೊಂದು ಪ್ರಯೋಗಕ್ಕೂ ಒಂದೊಂದು ಟಾರ್ಪಾಲು. ಗೋದಾಮಿನ ರಾಶಿ ಕರಗುತ್ತಿರುವುದನ್ನು ತೋಟದ ರೈಟರು ತಮ್ಮ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಯಂತ್ರ ಖಾಲಿಯಿದ್ದಾಗ ಎದ್ದಿತು. ಬೆರಳಲ್ಲಿ ಮುಟ್ಟಿದರೆ ಕಣದುದ್ದಕ್ಕೂ ಸರಿಯುತ್ತಿತ್ತು. ಆದರೆ ಯಾರಾದರೂ ಕೂತರೆ ನೆಲ ಬಿಡುತ್ತಿರಲಿಲ್ಲ. ಇಲ್ಲಿಂದ ನನ್ನ ಪಾತ್ರ ಆರಂಭ. ಮನೆಯಲ್ಲಿ ಎಲ್ಲರಿಗಿಂತ ಭಾರ ನಾನೇ, 82 ಕಿಲೋ. ನಾನು ಕೂತಾಗ ಎದ್ದರೆ ಯಾರು ಕೂತರೂ ಏಳುತ್ತದೆ ಎಂಬುದು ಅಳಿಯನ ತರ್ಕ. ಇದನ್ನು ಅವಮಾನವೆಂದು ತಿಳಿಯಬೇಡಿ ಮಾವ ಎಂದು ಸಮಾಧಾನ ಮಾಡಿ, 1959ರ ಜುಲೈ 25ರಂದು ಮೊದಲ ಹೋವರ್‌ಕ್ರಾಫ್ಟ್ ಎಸ್‌ಆರ್‌.ಎನ್‌1 ಫ್ರಾನ್ಸಿನ ಕ್ಯಾಲೇಯಿಂದ ಇಂಗ್ಲೆಂಡಿನ ಡೋವರ್‌ಗೆ ಕಡಲುಗಾಲುವೆ ದಾಟಿದಾಗ ಸಾಕ್ಷಾತ್ ಕಾಕರೆಲನೇ ಅದರ ಮೇಲೆ ನಿಂತು, ತೂಕ ಸರಿದೂಗಿಸಲು ಅತ್ತಿತ್ತ ಸರಿಯುತ್ತಿದ್ದ ಎಂದು ಹೇಳಿದ. ಸುಮಾರು ಎರಡು ಗಂಟೆ ಹಿಡಿದ ಪ್ರಯಾಣ. ಕಂಡುಹಿಡಿದವನೇ ಮೂಟೆಯ ಕೆಲಸ ಮಾಡಿದ್ದಾನೆಂದರೆ ನಾನು ಬಿಗುಮಾನ ತೋರಿಸುವುದು ಚೆನ್ನಾಗಿರುವುದಿಲ್ಲ. ಅವನಿಗೆ ಮುಂದೆ ಸರ್ ಪದವಿ ಬಂತು ಎಂಬುದನ್ನೂ ಅಳಿಯ ಸೇರಿಸಿದ. ಹುಡುಗನಿಗೆ ಮಾರಾಟದ ಕಲೆ ತಿಳಿದಿದೆ.

ಕಾಗದ ತೆಗೆದು ಲೆಕ್ಕ ಹಾಕಿದ. ನಾನು, ಹಲಗೆ, ಬ್ಲೋಯರ್, ಕಾಲು ಕಳೆದುಕೊಂಡ ಕುರ್ಚಿ, ಎಲ್ಲ ಸೇರಿ 104 ಕಿಲೋ. ಹಲಗೆಯ ವಿಸ್ತೀರ್ಣ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಇಷ್ಟನ್ನು ಎತ್ತಲು ಒಳಗೆ ಸುಮಾರು 9 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ ಸಾಕು. ನಮ್ಮ ತಲೆಯ ಮೇಲಿನ ವಾತಾವರಣ ಸುಮಾರು 10 ಮೀಟರ್ ನೀರಿನಷ್ಟು ಒತ್ತುತ್ತದೆ. ಅದರಲ್ಲಿ ನೂರಕ್ಕೊಂದು ಭಾಗವೂ ನನಗೆ ಬೇಡ. ನನ್ನ ಭಾರ ಇಷ್ಟು ಕ್ಷುಲ್ಲಕ ಎಂದು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ.

ಒತ್ತಡ ಅಳೆಯಲು ಗಾರೆಯವರು ನೆಲದ ಮಟ್ಟ ನೋಡುವ ಪಾರದರ್ಶಕ ಪೈಪು ಬಂತು. ನೀರಿಗೆ ಅಕ್ಕನ ಕುಂಕುಮ ಬಿತ್ತು. ಪೈಪಿನ ಒಂದು ತುದಿ ಹಲಗೆಯ ಅಡಿಗೆ, ಇನ್ನೊಂದು ಬಯಲಿಗೆ. ಬ್ಲೋಯರ್ ಪೂರ್ತಿ ಹರಿಬಿಟ್ಟರೂ ಕೆಂಪು ನೀರು 4 ಸೆಂಟಿಮೀಟರ್ ಏರಿ ನಿಂತಿತು. ಅಂದರೆ ನನ್ನ ಅರ್ಧದಷ್ಟನ್ನು ಗಾಳಿ ಹೊತ್ತಿತ್ತು, ಉಳಿದರ್ಧ ಭೂಮಿಯ ಪಾಲು. ಎಲ್ಲೋ ಸೋರುತ್ತಿದೆ, ಎಲ್ಲಿ ಎಂದು ತಿಳಿಯದು.

ಜಗಲಿಯ ಮೇಲೆ ಕೂತಿದ್ದ ಅಜ್ಜಿ, ಭಾವನ ತಾಯಿ, ಇದನ್ನೆಲ್ಲ ನೋಡುತ್ತಿದ್ದರು. ಎದ್ದು ಒಳಗೆ ಹೋಗಿ ಅಂಟುವಾಳದ ನೊರೆಯ ಬೋಗುಣಿ ತಂದು, "ಸೈಕಲ್ ಟ್ಯೂಬಿಗೆ ಪಂಚರ್ ಹಾಕುವವನು ಏನು ಮಾಡುತ್ತಾನೋ ಅದನ್ನು ಮಾಡಿ" ಎಂದರು. ಅಂಚಿನ ಸುತ್ತ ನೊರೆ ಹಚ್ಚಿ ಬ್ಲೋಯರ್ ಹಾಕಿದರೆ, ಹೊಡೆದ ಪ್ರತಿಯೊಂದು ಪಿನ್ನಿನ ಬುಡದಲ್ಲೂ ಗುಳ್ಳೆ! ಟಾರ್ಪಾಲನ್ನು ಹಿಡಿದು ನಿಲ್ಲಿಸಬೇಕಾದ ಪಿನ್ನುಗಳೇ ಅದನ್ನು ಜರಡಿ ಮಾಡಿ ಇಟ್ಟಿದ್ದವು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಟಾರ್ಪಾಲು ಮತ್ತು ಹಲಗೆಯ ನಡುವೆ ಪಟ್ಟಿಯಾಗಿ ಕೊಟ್ಟು, ಅಂಟು ಬಳಿದು ಮತ್ತೆ ಬಿಗಿದರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನಿಗೆ ಅಂಟುವಾಳ ನೆನಪಾಗಲಿಲ್ಲವಲ್ಲ ಎಂದು ಭಾವ ಆ ದಿನವೆಲ್ಲ, ಬಂದವರಿಗೂ ಹೋದವರಿಗೂ ಹೇಳಿದರು.

ಅಂಟು ಒಣಗಿದ ಮೇಲೆ ನಾನು ಕೂತೆ. ಬ್ಲೋಯರ್ ನನ್ನ ಕುರ್ಚಿಯ ಬೆನ್ನಿಗೆ. ಅದರ ಹಿಡಿಕೆಯನ್ನು ಪೂರ್ತಿ ವೇಗಕ್ಕೆ ಎಳೆದು ದಾರದಲ್ಲಿ ಕಟ್ಟಿ, "ನಿಮ್ಮ ಕೈಗೆ ಏನೂ ಕೆಲಸ ಇಟ್ಟಿಲ್ಲ ಮಾವ, ಆರಾಮಾಗಿ ಕೂತಿರಿ" ಎಂದ ಅಳಿಯ. ಆರಿಸುವ ಗುಂಡಿ ನನ್ನ ಬೆನ್ನ ಹಿಂದೆ ಎಲ್ಲೋ ಇತ್ತು. ಎಂಜಿನ್ ಬೊಬ್ಬೆ ಹಾಕಿತು, ಕೆಂಪು ನೀರು ಸರಸರನೆ ಏರಿತು, ಕುರ್ಚಿ ಒಮ್ಮೆ ನಡುಗಿತು. ನಾನು ನೆಲ ಬಿಟ್ಟಿದ್ದೆ. ಎಷ್ಟು ಎತ್ತರ ಎಂದು ಬಗ್ಗಿ ನೋಡಿದ ರೈಟರು "ಅರ್ಧ ಅಂಗುಲ" ಎಂದು ಘೋಷಿಸಿದರು. ಅಳಿಯ ಅದೂ ಹೆಚ್ಚಾಯಿತು ಎಂದ. ಆ ಗಳಿಗೆಯಲ್ಲಿ ನಾನು ರೈಟರ ಪಕ್ಷ.

ಕಾಫಿ ಕಣ ಮಟ್ಟಸವಾಗಿದೆ ಎಂದು ತಿಳಿದಿರುವವರು ಅದನ್ನು ಕಣ್ಣಿನಿಂದ ನೋಡಿದವರು. ಮಳೆ ಬಂದರೆ ನೀರು ನಿಂತು ಕಾಫಿ ಹಾಳಾಗಬಾರದೆಂದು ಕಟ್ಟುವಾಗಲೇ ಒಂದು ಕಡೆಗೆ ಇಳುಕಲು ಕೊಟ್ಟಿರುತ್ತಾರೆ. ಭಾವನ ಕಣದಲ್ಲಿ ಅದು ನೂರು ಅಡಿಗೆ ಒಂದು ಅಡಿ. ನಡೆಯುವವರ ಕಾಲಿಗೆ ತಿಳಿಯುವುದಿಲ್ಲ, ಕುರ್ಚಿ ಹಾಕಿ ಕೂತರೂ ತಿಳಿಯುವುದಿಲ್ಲ. ನೆಲದ ಹಿಡಿತ ಬಿಟ್ಟುಹೋದ 104 ಕಿಲೋ ಭಾರಕ್ಕೆ ತಕ್ಷಣ ತಿಳಿಯುತ್ತದೆ. ಎಳೆತ ಲೆಕ್ಕಕ್ಕೆ ಒಂದೇ ಕಿಲೋದಷ್ಟು. ಆದರೆ ತಡೆಯುವುದಕ್ಕೆ ಎದುರಿಗೆ ಏನೂ ಇಲ್ಲದಿದ್ದರೆ ಆ ಒಂದು ಕಿಲೋ ಸುಮ್ಮನೆ ಕೂರುವುದಿಲ್ಲ, ಕ್ಷಣಕ್ಷಣಕ್ಕೂ ವೇಗ ಕೂಡುತ್ತಲೇ ಹೋಗುತ್ತದೆ. ನಾನು ಮೊದಲು ಗಂಭೀರವಾಗಿ ಹೊರಟೆ. ದಸರಾ ಅಂಬಾರಿಯ ಗತ್ತಿನಲ್ಲಿ ಅಕ್ಕನತ್ತ ಕೈ ಬೀಸಿದೆ ಕೂಡ. ಅರ್ಧ ಕಣ ದಾಟುವ ಹೊತ್ತಿಗೆ ಅಳಿಯ ಪಕ್ಕದಲ್ಲಿ ನಡೆಯುವುದನ್ನು ಬಿಟ್ಟು ಓಡುತ್ತಿದ್ದ.

ಇಂಥದ್ದಕ್ಕೆಂದೇ ಹಿಂದೆ ಒಂದು ಹಗ್ಗ ಕಟ್ಟಿ, ತುದಿಯನ್ನು ರೈಟರ ಕೈಯಲ್ಲಿ ಕೊಟ್ಟಿದ್ದರು. ಅವರು ನಂಬಿಕಸ್ಥ ಮನುಷ್ಯ. ಆದರೆ ಕಣದ ಇಳುಕಲಿನ ಕೊನೆಗೆ ಕಾಳುಮೆಣಸು ಒಣಹಾಕಿತ್ತು. ಹೋವರ್‌ಕ್ರಾಫ್ಟಿನ ಅಂಚಿನಿಂದ ಗಾಳಿ ಸುತ್ತಲೂ ನೆಲಕ್ಕೆ ಸವರಿಕೊಂಡೇ ಹೊರಬರುತ್ತದೆ ಎಂಬುದು ಪುಸ್ತಕದಲ್ಲಿದೆ. ಆ ಗಾಳಿ ಮೆಣಸಿನ ರಾಶಿಯನ್ನು ಮುಟ್ಟಿದರೆ ಏನಾಗುತ್ತದೆ ಎಂಬುದು ಇಂಗ್ಲೆಂಡಿನಲ್ಲಿ ಬರೆದ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಕಾಳು, ಹೊಟ್ಟು, ದೂಳು ಎಲ್ಲ ಒಟ್ಟಿಗೆ ಎದ್ದವು. ರೈಟರು ಒಂದು ಸೀನು ಸೀನಿದರು. ಎರಡನೆಯ ಸೀನಿಗೆ ಹಗ್ಗ ಬಿಟ್ಟರು. ಮೂರನೆಯ ಸೀನು ನನಗೆ ಬಹಳ ದೂರದಿಂದ ಕೇಳಿಸಿತು.

ನನ್ನನ್ನು ನಿಲ್ಲಿಸಿದ್ದು ಅಕ್ಕನ ಸೀರೆ. ಕಣದ ಅಂಚಿಗೆ ಕಟ್ಟಿದ ಹಗ್ಗದ ಮೇಲೆ ಒಗೆದ ಬಟ್ಟೆ ಹರವಿತ್ತು. ಇಳಕಲ್ ಸೀರೆಯೊಂದು ನನ್ನ ಮುಖದ ಮೇಲೆ ಹಾದು, ತಲೆ ದಾಟಿ, ಹಿಂದಿದ್ದ ಬ್ಲೋಯರಿನ ಗಾಳಿ ಎಳೆದುಕೊಳ್ಳುವ ಜಾಲರಿಗೆ ರಪ್ಪನೆ ಅಂಟಿಕೊಂಡಿತು. ಎಂಜಿನ್ ಒಂದೇ ಸಮನೆ ಕಿರುಚಿತು, ಗಾಳಿ ಮಾತ್ರ ನಿಂತುಹೋಯಿತು. ಕಣದ ಮೋಟುಗೋಡೆಗೆ ಗೇಣು ದೂರ ಉಳಿದಿರುವಾಗ ಯಂತ್ರ ಕೆಸರು ಕಂಡ ಎಮ್ಮೆಯ ಹಾಗೆ ದೊಪ್ಪನೆ ಕೂತಿತು. ಓಡಿ ಬಂದ ಅಕ್ಕ ಮೊದಲು ಸೀರೆಯನ್ನು ಬಿಡಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಒಡಹುಟ್ಟಿದವರ ನಡುವೆ ಇದು ಸಹಜ.

ಇಷ್ಟಾದ ಮೇಲೂ ಅಳಿಯ ಇದನ್ನು ತೋಟದ ಕೆರೆಯ ಮೇಲೆ ಬಿಡುವ ಮಾತೆತ್ತಿದ. ನೀರಿನ ಮೇಲಾದರೆ ಇಳುಕಲೇ ಇಲ್ಲವಲ್ಲ ಎಂಬ ವಾದ. ಇದಕ್ಕೆ ಭಾವ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಬರುವುದಿಲ್ಲ. ನಾನು ಮಾತ್ರ ಅವನದೇ ಲೆಕ್ಕವನ್ನು ಅವನಿಗೆ ಒಪ್ಪಿಸಿದೆ: ಒಳಗಿನ ಒತ್ತಡ 9 ಸೆಂಟಿಮೀಟರ್ ನೀರಿನಷ್ಟಿದ್ದರೆ, ನಿಂತಲ್ಲಿ ಕೆರೆಯ ನೀರೂ ಅಷ್ಟೇ ಕುಸಿದು ಗುಂಡಿಯಾಗುತ್ತದೆ, ಅಂಚಿನಿಂದ ಹೊರಡುವ ಗಾಳಿ ನೀರನ್ನು ಸುತ್ತಲೂ ಎರಚುತ್ತದೆ, ಮೇಲೆ ಕೂತವನಿಗೆ ಅಭ್ಯಂಜನವಾಗುತ್ತದೆ. ಮೇಲೆ ಕೂರುವವನು ಯಾರು ಎಂದು ಕೇಳಿದೆ. ಅವನು ಮಾತು ಬದಲಿಸಿದ.

ಸಂಜೆ ಎಲ್ಲರೂ ಕೂತು ಮೆಣಸು ಬಳಿಯುತ್ತಿದ್ದಾಗ ಅಜ್ಜಿ ಒಂದು ಹಿಡಿ ಎತ್ತಿ ಅಂಗೈಯಲ್ಲಿ ತಿರುವಿ ನೋಡಿದರು. "ಜೊಳ್ಳೆಲ್ಲ ಗೋಡೆಯಾಚೆ ಹೋಗಿದೆ. ಗಟ್ಟಿ ಕಾಳು ಇಲ್ಲೇ ನಿಂತಿದೆ. ಮೊರದಲ್ಲಿ ಕೇರಿದರೂ ಇಷ್ಟು ಚೊಕ್ಕವಾಗುತ್ತಿರಲಿಲ್ಲ." ಭಾವ ತಾವೂ ಒಂದು ಹಿಡಿ ತೆಗೆದುಕೊಂಡರು. ಅವರ ಮುಖದ ಮೇಲಿದ್ದ ಮೋಡ ಸರಿಯಿತು.

"ಇದರಲ್ಲಿ ಮೆಣಸು ತೂರಬಹುದಲ್ಲೋ" ಎಂದರು ಮಗನಿಗೆ.

"ಅಪ್ಪ, ಇದು ವಾಹನ."

"ವಾಹನವಾದರೆ ಮೂಟೆ ಸಾಗಿಸು, ನೋಡೋಣ."

ಹುಡುಗನ ಅಭಿಮಾನ ಕೆರಳಿತು. ಕುರ್ಚಿ ಕಿತ್ತು, ನಡುವೆ ಮೆಣಸಿನ ಮೂಟೆಗಳನ್ನು ನನ್ನ ತೂಕಕ್ಕೆ ಸರಿಯಾಗಿ ಪೇರಿಸಿ ಬ್ಲೋಯರ್ ಹಾಕಿದ. ನಾನು ಕೂತಾಗ ಒಂದು ಪಕ್ಕ ವಾಲಿ, ಅಂಚು ತರಚಿ, ಗೊಣಗುತ್ತಿದ್ದ ಯಂತ್ರ ಈಗ ಚಿತ್ತಾರದ ಹಾಗೆ ಸಮವಾಗಿ ಎದ್ದು ನಿಂತಿತು. ಭಾವ ಒಂದೇ ಕೈಯಲ್ಲಿ ತಳ್ಳಿಕೊಂಡು ಇಳುಕಲಿನ ವಿರುದ್ಧ ದಿಕ್ಕಿಗೆ, ಗೋದಾಮಿನ ಬಾಗಿಲವರೆಗೆ ನಡೆದರು. ಕಾರ್ಖಾನೆಗಳಲ್ಲಿ ಭಾರವಾದ ಯಂತ್ರಗಳನ್ನು ಹೀಗೆಯೇ ಗಾಳಿಯ ಮೆತ್ತೆಗಳ ಮೇಲೆ ಸರಿಸುತ್ತಾರೆ ಎಂದು ಅಳಿಯ ಹಿಂದಿನಿಂದ ವಿವರಿಸುತ್ತಿದ್ದ, ಬ್ಲೋಯರ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಜ್ಜಿ ನನ್ನ ಪಕ್ಕ ನಿಂತು, "ಮೂಟೆ ಅಲ್ಲಾಡುವುದಿಲ್ಲ ನೋಡು, ಕೈಯನ್ನೂ ಬೀಸುವುದಿಲ್ಲ" ಎಂದರು.

ನಾನು ಬೆಂಗಳೂರಿಗೆ ಮರಳಿದ ಮೇಲೆ ಒಂದು ರಾತ್ರಿ ಅಳಿಯನ ಫೋನು ಬಂತು. ಪ್ರದರ್ಶನದ ದಿನ ಗೊತ್ತಾಗಿತ್ತು. ಕಾಲೇಜಿನ ಸಭಾಂಗಣದ ನೆಲವನ್ನು ಪೈಪಿಟ್ಟು ನೋಡಿದ್ದಾನಂತೆ, ಇಳುಕಲು ಎಳ್ಳಷ್ಟೂ ಇಲ್ಲ.

"ಶುಕ್ರವಾರ ರಜೆ ಹಾಕಿ ಬನ್ನಿ ಮಾವ."

"ನಿನ್ನ ಸ್ನೇಹಿತರು ಯಾರೂ ಕೂರುವುದಿಲ್ಲವೇ?"

"ಸೀರೆಯ ವಿಷಯ ಅಮ್ಮ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ."

"ಹಾಗಾದರೆ ಮೂಟೆ ಒಯ್ದುಬಿಡು. ಮನುಷ್ಯನೇ ಬೇಕು ಎಂದರೆ ಅದಕ್ಕೊಂದು ಅಂಗಿ ತೊಡಿಸು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹುಡುಗ ನಿಜವಾಗಿಯೂ ಯೋಚಿಸುತ್ತಿದ್ದ.

"ಆಗುವುದಿಲ್ಲ ಮಾವ. ಮೂಟೆಗೆ ಬಸ್ಸಿನಲ್ಲಿ ಲಗೇಜು ಕೊಡಬೇಕು. ನೀವಾದರೆ ನಿಮ್ಮ ಟಿಕೆಟ್ ನೀವೇ ತೆಗೆದುಕೊಂಡು ಬರುತ್ತೀರಿ."