ಸಾಕುಹಾವಿಗೆ ಜೀವಂತ ಇಲಿ ಬೇಕೇ?

ಪರ

ಸಾಕುವ ಹೆಬ್ಬಾವುಗಳಲ್ಲೊಂದಾದ ಬಾಲ್ ಪೈಥಾನ್ ಹೊಂಚುಹಾಕಿ ಹಿಡಿಯುವ ಜಾತಿ. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಮರಿಯೂ ಹಾಗೆಯೇ. ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಬಾಯಿಯ ಮೇಲ್ಭಾಗದಲ್ಲಿ ವಾಸನೆ ಗ್ರಹಿಸುವ ಜೇಕಬ್ಸನ್ ಅಂಗಕ್ಕೆ ಒಯ್ಯುತ್ತದೆ. ತುಟಿಯಂಚಿನ ಕುಳಿಗಳಿಂದ ಬಿಸಿಮೈ ಎಲ್ಲಿದೆಯೆಂದು ತಿಳಿಯುತ್ತದೆ. ನೆಲದ ಕಂಪನವನ್ನು ದವಡೆಯಿಂದ ಗ್ರಹಿಸುತ್ತದೆ. ವಾಸನೆ, ಶಾಖ, ಚಲನೆ ಮೂರೂ ಕೂಡಿದಾಗ ಎರಗಲು ಅದಕ್ಕೆ ಧೈರ್ಯ. ಸತ್ತ ಇಲಿಯಲ್ಲಿ ಉಳಿಯುವುದು ವಾಸನೆಯೊಂದೇ, ಅದೂ ಮಂಕಾಗಿ.

ಮೊದಲ ಪೊರೆ ಕಳಚಿದ ಕೆಲವು ಮರಿಗಳು ಸತ್ತ ಇಲಿಯತ್ತ ತಲೆಯನ್ನೂ ತಿರುಗಿಸುವುದಿಲ್ಲ. ಅಂಥವಕ್ಕೆ ಕಣ್ಣುಬಿಡದ ಇಲಿಮರಿ ಕೊಡಿ. ಅದಕ್ಕೆ ತಿರುಗಿ ಕಚ್ಚುವ ಶಕ್ತಿಯಿಲ್ಲ, ಮಿಸುಕಾಟ ಮಾತ್ರ ಸಾಕಷ್ಟಿದೆ. ಹಾವಿನ ನಡುಭಾಗಕ್ಕಿಂತ ದಪ್ಪವಿರಬಾರದು. ಬೆಳಕು ಮಂದ ಮಾಡಿ, ಎದುರಿಗೇ ಕುಳಿತಿರಿ. 15 ನಿಮಿಷದಲ್ಲಿ ಹಿಡಿಯದಿದ್ದರೆ ಹೊರತೆಗೆಯಿರಿ. ಉಪವಾಸ ಕೆಡವಿ ಹಟ ಮುರಿಯುವುದಕ್ಕಿಂತ ಇದು ಮೇಲು.

ವಿರೋಧ

ಮರಿಗಳ ಮಾತು ಒಪ್ಪಬಹುದು, ಮೊದಲ ಕೆಲವು ಊಟದ ಮಟ್ಟಿಗೆ. ಬೆಳೆದ ಹಾವಿನ ಮುಂದೆ ಬೆಳೆದ ಇಲಿ ಬಿಡುವುದು ಬೇರೆ ಸಂಗತಿ. ಹಸಿವಿಲ್ಲದ ಹಾವು ತನ್ನನ್ನು ಕಾಪಾಡಿಕೊಳ್ಳುವುದೂ ಇಲ್ಲ. ಇಲಿ ಅದರ ಬೆನ್ನನ್ನು ಮೂಳೆ ಕಾಣುವಷ್ಟು ಕೊರೆಯುತ್ತದೆ. ಎದುರಿಗೆ ಕುಳಿತರೆ ಸಾಕೆ? ಹಿಂಭಾಗದಿಂದ ಹಿಡಿಸಿಕೊಂಡ ಇಲಿ ಹಾವಿನ ಕಣ್ಣು ಕಚ್ಚಲು ಕ್ಷಣ ಸಾಕು, ನೀವು ಕೈಹಾಕುವ ಮೊದಲೇ ಮುಗಿದಿರುತ್ತದೆ.

ಬೇಟೆಯ ಸ್ವಭಾವಕ್ಕೆ ಬೇಕಾದದ್ದು ಸುಳಿವು, ಜೀವವಲ್ಲ. ಸುಳಿವನ್ನು ನಾವೇ ಕೊಡಬಹುದು. ಮೊದಲೇ ಕೊಂದು ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ. ಕೊಡುವ ಮುನ್ನ ಚೀಲದಲ್ಲಿ ಬಿಗಿದು, ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿಸಿ, ಕೊನೆಗೆ ತಲೆಭಾಗವನ್ನು ಇನ್ನೊಂದಿಷ್ಟು ಬೆಚ್ಚಗೆ ಮಾಡಿ: ಹಾವು ಗುರಿಯಿಡುವುದು ಬಿಸಿ ಹೆಚ್ಚಿದ್ದಲ್ಲಿ. ಹೊಟ್ಟೆ ಅಮುಕಿ ನೋಡಿ, ಒಳಗೆ ಗಟ್ಟಿ ಮಂಜು ಉಳಿದಿದ್ದರೆ ಹಾವು ಕಕ್ಕೀತು. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಹೆಪ್ಪುಗಟ್ಟಿಯೇ ಇರುತ್ತದೆ, ಹೊಟ್ಟೆ ಒಡೆಯುವುದೂ ಉಂಟು.

ಮೈ ಒರೆಸಿ, 30 ಸೆಂ.ಮೀ. ಉದ್ದದ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬರಿಗೈಯಲ್ಲಿ ಹಿಡಿದರೆ ಬೆರಳೂ ಬೆಚ್ಚಗೆ, ಇಲಿಯೂ ಬೆಚ್ಚಗೆ. ಹಾವಿಗೆ ಎರಡೂ ಒಂದೇ. ಹಿಡಿದ ಮೇಲೂ ತುಸು ಎಳೆದಂತೆ ಮಾಡಿ, ಸುತ್ತು ಬಿಗಿಯುತ್ತದೆ. ಹೆಬ್ಬಾವಿನಂತೆಯೇ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ ಬೋವಾ ಹಾವು ಸುತ್ತಿನೊಳಗಿನ ಇಲಿಯ ಎದೆಬಡಿತಕ್ಕೆ ತಕ್ಕಂತೆ ಬಿಗಿತ ಹೊಂದಿಸುತ್ತದೆಂದು 2012ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ನಿಮ್ಮ ಎಳೆತ ಆ ಬಡಿತದ ಬದಲಿ.

ಆದರೂ ಮುಟ್ಟದಿದ್ದರೆ ಜೀವಂತ ಇಲಿ ಹುಡುಕುವ ಮೊದಲು ಪೆಟ್ಟಿಗೆ ನೋಡಿ. ಬೆಚ್ಚಗಿನ ಬದಿ 31-33 ಡಿಗ್ರಿಯಿದೆಯೇ? ಅಡಗಲು ಬಿಗಿಯಾದ ಗೂಡಿದೆಯೇ? ಕಣ್ಣು ಮಂಜಾಗಿದ್ದರೆ ಪೊರೆ ಬಿಡುವ ಹೊತ್ತು, ಕಾಯಿರಿ. ವಾರಕ್ಕೊಮ್ಮೆ ತೂಗಿ, ಹತ್ತನೇ ಒಂದು ಪಾಲು ತೂಕ ಇಳಿದಿದ್ದರೆ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಒಯ್ಯಿರಿ.